ಫ್ಲಾಟ್ ಟ್ರೇಲರೋ, ಕಂಟೈನರೋ ಎಂದು ಕೇಳುವವರಿಗೆ

ಹೊಸಪೇಟೆಯಲ್ಲಿ ಲಾರಿ ಇಟ್ಟುಕೊಂಡವರನ್ನು ಕಂಡರೆ ಜನ ಕೇಳುವುದು ಒಂದೇ ಪ್ರಶ್ನೆ: ಹೊಸ ಗಾಡಿ ತೆಗೆಯುವುದಾದರೆ ಮೇಲೆಲ್ಲ ತೆರೆದಿರುವ ಫ್ಲಾಟ್ ಟ್ರೇಲರ್ ಒಳ್ಳೆಯದೋ, ಮುಚ್ಚಿದ ಕಂಟೈನರ್ ಒಳ್ಳೆಯದೋ? ಮದುವೆ ಮನೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಕಡೆಗೆ ಆಸ್ಪತ್ರೆಯ ಸರದಿಯಲ್ಲಿ ಕೂತಾಗಲೂ ಉತ್ತರ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ; ಯಾರೂ ಬೇಸರ ಮಾಡಿಕೊಳ್ಳಬಾರದು.

ನಿಮಗೆ ಸಿಗುವ ಲೋಡು ತೋರಣಗಲ್ಲಿನ ಉಕ್ಕಾದರೆ ಟ್ರೇಲರ್ ತೆಗೆಯಿರಿ. ಇಪ್ಪತ್ತು ಟನ್ ತೂಗುವ ಉಕ್ಕಿನ ಕಾಯಿಲನ್ನು, ಅಂದರೆ ತಗಡಿನ ಸುರುಳಿಯನ್ನು, ಕ್ರೇನು ಮೇಲಿನಿಂದ ಇಳಿಸುತ್ತದೆ; ಹಿಂದಿನ ಬಾಗಿಲು ಮಾತ್ರ ತೆರೆಯುವ ಗಾಡಿಗೆ ಅಲ್ಲಿ ಕೆಲಸವಿಲ್ಲ. ಗ್ರಾನೈಟ್ ದಿಮ್ಮಿ, ದೊಡ್ಡ ಪೈಪು, ಯಂತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನೆಲಮಂಗಲ, ಹೊಸಕೋಟೆಯ ಗೋದಾಮುಗಳಿಗೆ ಹೋಗುವ ರಟ್ಟಿನ ಪೆಟ್ಟಿಗೆ, ಔಷಧ, ಬಟ್ಟೆ, ಫ್ರಿಜ್ಜುಗಳಾದರೆ ಕಂಟೈನರ್ ತೆಗೆಯಿರಿ. ಅದರಲ್ಲಿ ಮಳೆಯ ಭಯ ಕಡಿಮೆ, ದಾರಿಯಲ್ಲಿ ಕಳ್ಳತನವೂ ಕಡಿಮೆ, ಸೀಲು ಒಡೆಯದೆ ತಲುಪಿಸಿದ್ದರೆ ಮಾಲು ಕಡಿಮೆ ಬಂದಿದೆ ಎಂದು ಚಾಲಕನ ಮೇಲೆ ಹೊರೆ ಹಾಕುವುದೂ ಸುಲಭವಲ್ಲ. ಆದರೆ ಪೆಟ್ಟಿಗೆಯ ತೂಕವನ್ನು ನೀವು ಬಾಡಿಗೆಯಿಲ್ಲದೆ ಹೊರಬೇಕಾಗುತ್ತದೆ. ಬಂದರಿನಿಂದ ಬರುವ 40 ಅಡಿಯ ಉಕ್ಕಿನ ಕಂಟೈನರ್ ಖಾಲಿ ಇದ್ದಾಗಲೇ ಮೂರೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. 2018ರಲ್ಲಿ ಆ್ಯಕ್ಸಲ್ ಮೇಲೆ ಹೊರಬಹುದಾದ ತೂಕದ ಮಿತಿಯನ್ನು ಹೆಚ್ಚಿಸಿದ ಮೇಲೂ ಟ್ರೇಲರ್ ಗಾಡಿಯ ಒಟ್ಟು ತೂಕ 55 ಟನ್ನಿಗೆ ನಿಲ್ಲುವುದರಿಂದ, ಆ ಮೂರೂವರೆ ಟನ್ ನಿಮ್ಮ ಲೋಡಿನಿಂದಲೇ ಕಳೆದುಹೋಗುತ್ತದೆ. ವಾಪಸು ಲೋಡಿನ ಲೆಕ್ಕ ಮಾತ್ರ ಕಂಟೈನರಿನ ಪರವಾಗಿದೆ. ಪೀಣ್ಯದಲ್ಲಿ ಕಾಯಿಲು ಇಳಿಸಿದ ಟ್ರೇಲರ್ ಎಷ್ಟೋ ಸಲ ಖಾಲಿಯಾಗಿಯೇ ಮರಳುತ್ತದೆ.

ಕೇಳುವವರಿಗೆ ಇಷ್ಟು ಸಾಕು. ನನಗೆ ಸಾಲುವುದಿಲ್ಲ, ಏಕೆಂದರೆ ಪ್ರಶ್ನೆಯ ಜೊತೆಗೆ ತಪ್ಪದೆ ಬರುವ ಇನ್ನೊಂದು ಮಾತು ನನ್ನನ್ನು ಕೆರಳಿಸುತ್ತದೆ. ಸಂಬಂಧಿಕರ ಹುಡುಗನೊಬ್ಬ ಬ್ಯಾಂಕಿನ ಸಾಲದ ಕಾಗದ ಹಿಡಿದು ಮನೆಗೆ ಬಂದಿದ್ದ. ಕಂತಿನ ಲೆಕ್ಕ, ಡೀಸೆಲ್ ಲೆಕ್ಕ, ಟೋಲ್ ಲೆಕ್ಕ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು ತಂದಿದ್ದವನು ಕೊನೆಗೆ, "ಮಾವ, ಕಂಟೈನರ್ ಅಂದ್ರೆ ಮಾಲು ತುಂಬಿ ಬೀಗ ಹಾಕಿದ್ರೆ ಮುಗೀತಲ್ಲ? ಟ್ರೇಲರ್ ಆದ್ರೂ ಹಗ್ಗ ಬಿಗಿದ್ರೆ ಆಯ್ತಲ್ಲ?" ಎಂದ. ಅವನ ಪಟ್ಟಿಯಲ್ಲಿ ಸರಪಳಿಗೆ ಒಂದು ಸಾಲೂ ಇರಲಿಲ್ಲ. ನಾನು ಧ್ವನಿ ಏರಿಸಿಯೇ ಮಾತಾಡಿದೆ, ಈಗಲೂ ಅದೇ ಧ್ವನಿಯಲ್ಲಿ ಹೇಳುತ್ತೇನೆ.

ಹಗ್ಗ ಬಿಗಿದರೆ ಆಗುವುದಿಲ್ಲ. ಕಾಯಿಲು ದುಂಡಗಿರುವ ವಸ್ತು. ಉರುಳುವುದು ಅದರ ಸ್ವಭಾವ. ಅದರ ಕೆಳಗೆ ಎರಡೂ ಕಡೆ ಮರದ ಬೆಣೆ ಕೊಡಬೇಕು, ಬೆಣೆ ಜಾರದಂತೆ ಅಡ್ಡಪಟ್ಟಿ ಹೊಡೆಯಬೇಕು, ಕಾಯಿಲಿನ ಕಣ್ಣಿನೊಳಗಿಂದ, ಅಂದರೆ ನಡುವಿನ ತೂತಿನೊಳಗಿಂದ, ಸರಪಳಿ ಹಾಯಿಸಿ ಹಿಂದಕ್ಕೂ ಮುಂದಕ್ಕೂ ಎಳೆದು ಬಿಗಿಯಬೇಕು, ಸರಪಳಿ ತಾಗುವ ಅಂಚಿಗೆ ರಬ್ಬರಿನ ತುಂಡು ಇಡಬೇಕು. ಫ್ಯಾಕ್ಟರಿಯ ಗೇಟು ದಾಟುವಾಗ ತಂತಿಯಂತೆ ಬಿಗಿಯಾಗಿದ್ದ ಸರಪಳಿ, ರಸ್ತೆಯ ಕುಲುಕಿಗೆ ಬೆಣೆಗಳು ಕೂತ ಮೇಲೆ ಸಡಿಲಾಗುತ್ತದೆ. ಆದ್ದರಿಂದ ಚಿತ್ರದುರ್ಗ ಮುಟ್ಟುವ ಮೊದಲೇ ಗಾಡಿ ನಿಲ್ಲಿಸಿ, ಪ್ರತಿ ಸರಪಳಿಯ ಮೇಲೂ ಕಾಲಿಟ್ಟು ಒತ್ತಿ ನೋಡಿ, ಮತ್ತೆ ಬಿಗಿಯಬೇಕು. ಇದನ್ನು ಬಿಟ್ಟವರ ಗಾಡಿ ಬ್ರೇಕು ಹಾಕಿದಾಗ ಕಾಯಿಲು ಕ್ಯಾಬಿನ್ನಿಗೆ ನುಗ್ಗುತ್ತದೆ, ಮತ್ತು ಕ್ಯಾಬಿನ್ನಿನಲ್ಲಿ ಕೂತಿರುವವರು ಗಾಡಿಯ ಮಾಲೀಕರಲ್ಲ.

ಮಳೆಗಾಲದಲ್ಲಿ ಇದರ ಮೇಲೆ ತಾಡಪತ್ರಿಯ ಕೆಲಸ ಸೇರುತ್ತದೆ. ಸತು ಲೇಪಿಸಿದ ಕಾಯಿಲಿನ ಸುತ್ತುಗಳ ನಡುವೆ ನೀರು ಇಳಿದರೆ ಬಿಳಿ ತುಕ್ಕು ಹಿಡಿಯುತ್ತದೆ, ಮಾಲು ಪಡೆಯುವವರು ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಹೀಗಾಗಿ ನೆನೆದು ಭಾರವಾದ ತಾಡಪತ್ರಿಯನ್ನು ಹೆಗಲ ಮೇಲೆ ಹೊತ್ತು, ಜಾರುವ ಉಕ್ಕಿನ ಮೇಲೆ ರಾತ್ರಿಯಲ್ಲಿ ಹತ್ತುವ ಕ್ಲೀನರ್ ಹುಡುಗನ ಕೆಲಸಕ್ಕೆ ಎಷ್ಟು ಕೂಲಿ ಎಂದು ನನ್ನನ್ನು ಯಾರೂ ಕೇಳಿಲ್ಲ.

ಬೀಗ ಹಾಕಿದರೂ ಮುಗಿಯುವುದಿಲ್ಲ. ಕಂಟೈನರಿನ ಚಾಲಕನಿಗೆ ಒಳಗೆ ಮಾಲನ್ನು ಹೇಗೆ ಜೋಡಿಸಿದ್ದಾರೆಂದು ಕಾಣುವುದೇ ಇಲ್ಲ. ಸೀಲು ಬಿದ್ದ ಮೇಲೆ ಅವನು ನೋಡುವಂತೆಯೂ ಇಲ್ಲ. ಹಮಾಲರು ಒಂದೇ ಪಕ್ಕಕ್ಕೆ ಭಾರ ತುಂಬಿದ್ದರೆ ಅದು ಗೊತ್ತಾಗುವುದು ಶಿರಾಡಿ ಘಾಟಿಯ ತಿರುವಿನಲ್ಲಿ. ಇಳಿಸುವ ಜಾಗದಲ್ಲಿ ಬಾಗಿಲು ತೆರೆದ ಕೂಡಲೇ ಒರಗಿ ನಿಂತ ಮಾಲು ಎದೆಯ ಮೇಲೆ ಬೀಳುವುದೂ ಉಂಟು. ಒಂದು ಬಾಗಿಲನ್ನು ಸ್ವಲ್ಪವೇ ಸರಿಸಿ, ಅದರ ಮರೆಯಲ್ಲೇ ನಿಂತು ಒಳಗೆ ನೋಡಬೇಕು ಎಂಬುದನ್ನು ಹೇಳಿಕೊಡುವವರು ಬಹಳ ಕಡಿಮೆ.

ನೀವು ಕೇಳಬೇಕಿದ್ದ ಪ್ರಶ್ನೆ ಇದು: ಲೋಡನ್ನು ಕಟ್ಟುವವರು ಯಾರು, ಅದರ ಸಮಯಕ್ಕೂ ಸಾಮಾನಿಗೂ ಹಣ ಕೊಡುವವರು ಯಾರು? ಕಾನೂನು ತನ್ನ ಪಾಲಿನದನ್ನು ಹೇಳಿದೆ. ಹಿಂಬದಿಗೆ ಒಂದು ಮೀಟರಿನವರೆಗೆ ಸರಳು ಚಾಚಿಕೊಂಡಿರಬಹುದೆಂಬ ಹಳೆಯ ಅವಕಾಶವನ್ನು 2014ರಲ್ಲಿ ತೆಗೆದುಹಾಕಲಾಯಿತು. 2019ರ ತಿದ್ದುಪಡಿಯ ನಂತರ ಚಾಚಿದ ಲೋಡಿಗೆ 20,000 ರೂಪಾಯಿ ದಂಡವಿದೆ. ಆದರೆ ಬಾಡಿಗೆ ಮಾತಾಡುವಾಗ ಬ್ರೋಕರ್ ಟನ್ನಿಗೆ ಎಷ್ಟು ಎಂದಷ್ಟೇ ಹೇಳುತ್ತಾನೆ. ಬೆಣೆ, ಸರಪಳಿ, ಕಟ್ಟುವ ಎರಡು ಗಂಟೆ, ನಡುದಾರಿಯಲ್ಲಿ ನಿಲ್ಲಿಸುವ ಅರ್ಧ ಗಂಟೆ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಕಾಗದವಾದ ಈ-ವೇ ಬಿಲ್ ದಿನಕ್ಕೆ 200 ಕಿಲೋಮೀಟರಿನ ಲೆಕ್ಕದಲ್ಲಿ ಅವಧಿ ಕೊಡುತ್ತದೆ, ಅದು ಸಾಕಷ್ಟು ಸಡಿಲ. ಅವಸರವೆಲ್ಲ ನಮ್ಮ ನಮ್ಮ ಫೋನಿನಿಂದ ಚಾಲಕನಿಗೆ ಹೋಗುವಂಥದ್ದು.

ಹಾಗಾಗಿ ನನ್ನ ಬಳಿ ಬರುವ ಮುನ್ನ ಗಾಡಿಯ ಬೆಲೆಯ ಕೆಳಗೆ ಸರಪಳಿ, ಅದನ್ನು ಬಿಗಿಯುವ ರ‍್ಯಾಚೆಟ್, ಬೆಣೆ, ತಾಡಪತ್ರಿಗಳ ಬೆಲೆಯನ್ನೂ, ಪ್ರತಿ ಲೋಡಿಗೆ ಕಟ್ಟುವವರಿಗೆ ಕೊಡುವ ಕೂಲಿಯನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆದುಕೊಂಡು ಬನ್ನಿ. ಅವನ್ನು ಸೇರಿಸಿದ ಮೇಲೂ ಕಂತು ಕಟ್ಟಲು ಆಗುವಂತಿದ್ದರೆ ಟ್ರೇಲರೋ ಕಂಟೈನರೋ ಎಂದು ಕೂತು ಮಾತಾಡೋಣ. ಆಗದಿದ್ದರೆ ಎರಡನ್ನೂ ತೆಗೆಯಬೇಡಿ.