ಒಂದು ಕಾಯಿನ್, ಒಂದು ಪುಸ್ತಕ

ಇಲ್ಲಿ ಆಸ್ಟ್ರೇಲಿಯಾದಲ್ಲಿ ನಮ್ಮನೆ ಹತ್ರದ ಕಾಫಿ ಅಂಗ್ಡಿಲಿ ಇವತ್ತು ಕೌಂಟರ್ ಪಕ್ಕ ಒಂದು ಟೇಬಲ್ ತುಂಬ ಹಳೇ ಪುಸ್ತಕ, ಜೊತೆಗೊಂದು ಡಬ್ಬಿ. ನಿಮ್ದೊಂದು ಪುಸ್ತಕ ಇಡಿ, ಗೋಲ್ಡ್ ಕಾಯಿನ್ ಹಾಕಿ, ಬೇರೆ ಪುಸ್ತಕ ತಗೊಂಡ್ಹೋಗಿ, ಅಷ್ಟೆ (ಚಿನ್ನ ಅಲ್ಲ ಮಾರಾಯ್ರೆ, ಇಲ್ಲಿನ 1, 2 ಡಾಲರ್ ನಾಣ್ಯದ ಬಣ್ಣ ಹಂಗೆ). ದುಡ್ಡು ಹೋಗೋದು ಇಂಡಿಜಿನಸ್ ಲಿಟರಸಿ ಫೌಂಡೇಶನ್‌ಗೆ, ಅವ್ರು ದೂರದೂರದ ಊರುಗಳ ಮೂಲನಿವಾಸಿ ಮಕ್ಕಳಿಗೆ ಪುಸ್ತಕ ಕಳಿಸ್ತಾರೆ, ಆ ಮಕ್ಕಳ ಭಾಷೆಲೇ ಪುಸ್ತಕ ಪ್ರಿಂಟ್ ಕೂಡ ಮಾಡಿಸ್ತಾರೆ. ಇದರ ಬೇರೂ ಒಂದು ಅಂಗಡಿಲೇ ಇರೋದು, 2004ರಲ್ಲಿ ನಮ್ಮ ಬ್ರಿಸ್ಬೇನಿನ ರಿವರ್‌ಬೆಂಡ್ ಬುಕ್ಸ್‌ನ ಸೂಸಿ ವಿಲ್ಸನ್ ಶುರು ಮಾಡಿದ್ದು.

ಬಿಳಿಯರು ಬರೋಕೆ ಮುಂಚೆ ಈ ದೇಶದಲ್ಲಿ 250ಕ್ಕೂ ಹೆಚ್ಚು ಭಾಷೆ ಇತ್ತು. ಅದನ್ನ ಯೋಚಿಸ್ತಾ ನಿಂತಾಗ ಯಾಕೋ ನಮ್ ಕಡೆ ಜೇನುಕುರುಬರ ಮಕ್ಕಳು ನೆನಪಾದ್ರು, ಹಾಡಿಲಿ ಆಡೋ ಮಾತೇ ಬೇರೆ, ಸ್ಕೂಲ್ ಪುಸ್ತಕದ ಕನ್ನಡನೇ ಬೇರೆ, ಅವ್ರ ಮಾತಲ್ಲಿರೋ ಕಥೆಪುಸ್ತಕ ನಾನಂತೂ ಒಂದೂ ಕೈಲಿ ಹಿಡಿದಿಲ್ಲ.

ಮಗಳು ಮೊಸಳೆ ಕಥೆ ಎತ್ಕೊಂಡ್ಲು. ಮನೆಗೆ ಬಂದು ನೋಡಿದ್ರೆ ಕೊನೇ ಪುಟ ಇಲ್ಲ, ಈಗ ದಿನಾ ರಾತ್ರಿ ಮೊಸಳೆ ಏನಾಯ್ತು ಅಂತ ಹೇಳೋ ಡ್ಯೂಟಿ ನಂದು 😄