ಹಳೆಯ ಹಾಯಿದೋಣಿಯ ಡೆಕ್ ಸೋರುತ್ತಿದೆಯೇ? ಬೋಲ್ಟಿನ ತೂತು ನೋಡಿ

ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು, ನೀರು ತೊಟ್ಟಿಕ್ಕುವುದು ಒಂದು ಕಡೆ, ಹೆಂಚು ಒಡೆದಿರುವುದು ಇನ್ನೊಂದು ಕಡೆ. ದೋಣಿಯ ಡೆಕ್, ಅಂದರೆ ಮೇಲ್ಹಾಸು, ಸೋರುವಾಗಲೂ ಅಷ್ಟೇ. ಮೂತಿಯ ಕ್ಲೀಟ್ (ಹಗ್ಗ ಸುತ್ತಿ ಕಟ್ಟುವ ಕೊಕ್ಕೆ) ಬುಡದಲ್ಲಿ ಹೊಕ್ಕ ನೀರು ಒಳಚಾವಣಿಯ ಮೇಲೆ ಹರಿದು, ಎರಡು ಮೀಟರ್ ಆಚೆ ಹಾಸಿಗೆ ನೆನೆಸುತ್ತದೆ. ತೊಟ್ಟಿಕ್ಕುವ ಜಾಗದ ನೇರ ಮೇಲೆ ಸೀಲೆಂಟ್ (ಸಂದು ಮುಚ್ಚುವ ಅಂಟು) ಬಳಿದರೆ ಏನೂ ಆಗದು.

ಹಾಸಿಗೆ ಒದ್ದೆಯಾಗುವುದು ಸಣ್ಣ ತೊಂದರೆ. 1960ರಿಂದ 80ರ ದಶಕದ ಬಹಳಷ್ಟು ಫೈಬರ್‌ಗ್ಲಾಸ್ ದೋಣಿಗಳ ಡೆಕ್ಕಿನಲ್ಲಿ ಎರಡು ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರ ಅಥವಾ ಪ್ಲೈವುಡ್ ಇದೆ. ಕ್ಲೀಟಿನಂಥ ಫಿಟ್ಟಿಂಗುಗಳ ಬೋಲ್ಟಿನ ತೂತು ಈ ಮರವನ್ನು ಹಾಗೇ ಸೀಳಿಕೊಂಡು ಹೋಗಿರುತ್ತದೆ. ಸೀಲೆಂಟ್ ಗಟ್ಟಿಯಾಗಿ ಬಿರಿದ ದಿನದಿಂದ ಮರ ನೀರು ಕುಡಿಯತೊಡಗುತ್ತದೆ. ಒಳಗೆ ಒಂದು ಹನಿಯೂ ಬೀಳದೆ ವರ್ಷಗಟ್ಟಲೆ ಕೊಳೆಯಬಹುದು.

ಹುಡುಕಲು ಇಬ್ಬರು ಬೇಕು. ಒಳಗಿನವರು ಲೈನರ್ (ಒಳಚಾವಣಿ) ಬಿಚ್ಚಿ, ಟಾರ್ಚ್ ಹಿಡಿದು ಕೂರಲಿ. ಹೊರಗಿನವರು ಹೋಸ್‌ನಿಂದ ಮೆಲ್ಲಗೆ ನೀರು ಬಿಡಲಿ. ಡೆಕ್ಕಿನ ತಗ್ಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಒಂದೊಂದು ಫಿಟ್ಟಿಂಗಿಗೆ ಹತ್ತು ನಿಮಿಷ. ಮೇಲಿನಿಂದ ಶುರುಮಾಡಿದರೆ ಹರಿದ ನೀರು ಎಲ್ಲವನ್ನೂ ನೆನೆಸಿ ಲೆಕ್ಕ ತಪ್ಪಿಸುತ್ತದೆ. ಮೊದಲು ಅನುಮಾನಿಸಬೇಕಾದದ್ದು ಸ್ಟ್ಯಾಂಚನ್, ಅಂದರೆ ಡೆಕ್ಕಿನ ಅಂಚಿನ ಬೇಲಿಕಂಬದ ಬುಡ: ಹತ್ತುವವರೆಲ್ಲ ಕಂಬ ಹಿಡಿದು ಎಳೆಯುತ್ತಾರೆ, ಪ್ರತಿ ಎಳೆತಕ್ಕೂ ಸೀಲ್ ಸಡಿಲವಾಗುತ್ತದೆ. ಆಮೇಲೆ ಚೈನ್‌ಪ್ಲೇಟ್ (ಹಾಯಿಕಂಬವನ್ನು ಎಳೆದು ಹಿಡಿಯುವ ತಂತಿಗಳನ್ನು ಕಟ್ಟುವ ಲೋಹದ ಪಟ್ಟಿ), ಜೆನೋವಾ (ಮುಂದಿನ ದೊಡ್ಡ ಹಾಯಿ) ಹಳಿ, ಕಿಟಕಿಯ ಅಂಚು, ಹಲ್ (ದೋಣಿಯ ಒಡಲು) ಮತ್ತು ಡೆಕ್ ಕೂಡುವ ಜಾಗ.

ಹೀಗೂ ಸಿಗದಿದ್ದರೆ ಹ್ಯಾಚು (ಡೆಕ್ಕಿನ ಮುಚ್ಚಳಬಾಗಿಲು), ಗಾಳಿಕಿಂಡಿಗಳಿಗೆ ಟೇಪ್ ಅಂಟಿಸಿ, ಎಲೆ ಊದುವ ಬ್ಲೋವರಿನಿಂದ ಕ್ಯಾಬಿನ್ನಿಗೆ ಗಾಳಿ ತುಂಬಿ ಹೊರಗೆ ಸೋಪುನೀರು ಹಚ್ಚಿ. ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಗಾಳಿಯ ಒತ್ತಡ ಸ್ವಲ್ಪವೇ ಸಾಕು.

ಸರಿಪಡಿಸುವ ಮುಂಚೆ ಸುತ್ತಲೂ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಡೆಕ್ ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಕಪ್ಪಗಾಗಿ ಮೆತ್ತಗಾದ ಬಾಲ್ಸಾ ಒಣಗಿಸಿದರೂ ಬಲ ಬಾರದು. ಒದ್ದೆ ಮರಕ್ಕೆ ತೂತು ಕೊರೆದು ಎಪಾಕ್ಸಿ (ಗಟ್ಟಿಯಾಗುವ ರಾಳ) ಚುಚ್ಚುವುದು ವ್ಯರ್ಥ, ನೀರಿರುವ ಜಾಗಕ್ಕೆ ಅದು ಹೋಗುವುದೇ ಇಲ್ಲ. ಮೇಲ್ಪದರ ಕತ್ತರಿಸಿ ಹೊಸ ಬಾಲ್ಸಾ ಕೂರಿಸಲೇಬೇಕು.

ಮರ ಒಳ್ಳೆಯದಿದ್ದರೆ ಫಿಟ್ಟಿಂಗ್ ಬಿಚ್ಚಿ, 6 ಮಿ.ಮೀ. ಬೋಲ್ಟಿನ ತೂತನ್ನು 12 ಮಿ.ಮೀ.ಗೆ ಹಿಗ್ಗಿಸಿ. ಮೇಲ್ಪದರ ಮತ್ತು ಮರ ಮಾತ್ರ, ಕೆಳಪದರ ಹಾಗೇ ಇರಲಿ. ಪುಡಿ ತೆಗೆದು ಅಸಿಟೋನಿನಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಕೆಳಗಿನಿಂದ ಟೇಪ್ ಹಾಕಿ. ಮೊದಲು ತೆಳು ಎಪಾಕ್ಸಿ ಸವರಿ ಮರಕ್ಕೆ ಕುಡಿಸಿ. ಹತ್ತು ನಿಮಿಷ ಬಿಟ್ಟು, ಕೊಲಾಯ್ಡಲ್ ಸಿಲಿಕಾ ಎಂಬ ನುಣ್ಣನೆ ಪುಡಿ ಬೆರೆಸಿ ದಪ್ಪ ಮಾಡಿದ್ದನ್ನು ತುಂಬಿ. ತೆಳು ಪದರ ಬಿಟ್ಟುಬಿಟ್ಟರೆ ಮರ ದಪ್ಪ ಮಿಶ್ರಣದ ರಾಳವನ್ನು ಹೀರಿ ಅಂಟು ಸಡಿಲವಾಗುತ್ತದೆ. ಮರುದಿನ ನಡುವೆ 6 ಮಿ.ಮೀ. ಕೊರೆದು, ಬಾಯಿಯನ್ನು ಕೌಂಟರ್‌ಸಿಂಕ್ ಬಿಟ್‌ನಿಂದ ಕೊಂಚ ಅಗಲಿಸಿ. ಸೀಲೆಂಟ್ ಆ ತಗ್ಗಿನಲ್ಲಿ ಉಂಗುರದಂತೆ ನಿಲ್ಲುತ್ತದೆ. ಇನ್ನು ಮುಂದೆ ಸೀಲ್ ಸೋತರೂ ನೀರು ಮರ ಮುಟ್ಟುವುದಿಲ್ಲ. ಈ ಇಡೀ ಕೆಲಸದ ಸಾರ್ಥಕತೆ ಇಷ್ಟರಲ್ಲೇ ಇದೆ.

ಸೀಲೆಂಟಿಗೆ ಮೆತ್ತನೆಯ ರಬ್ಬರಿನಂಥ ಬ್ಯೂಟೈಲ್ ಟೇಪೇ ನನ್ನ ಮೊದಲ ಆಯ್ಕೆ, ಗಟ್ಟಿಯಾಗದೆ ವರ್ಷಗಟ್ಟಲೆ ಹಿಗ್ಗಿ ಕುಗ್ಗುತ್ತದೆ. 3ಎಂ 5200 ಎಂಬ ಗಟ್ಟಿ ಅಂಟು ಬೇಡ, ಮುಂದೆ ಬಿಚ್ಚಲು ಹೋದರೆ ಜೆಲ್‌ಕೋಟ್ (ಹೊರಮೈಯ ಹೊಳಪು ಪದರ) ಕಿತ್ತು ಬರುತ್ತದೆ. ಅಕ್ರಿಲಿಕ್ ಕಿಟಕಿಗೆ ಪಾಲಿಸಲ್ಫೈಡ್ ಸೀಲೆಂಟ್ ಹಚ್ಚಲೇಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ.

ಚೈನ್‌ಪ್ಲೇಟನ್ನು ಮಾತ್ರ ಪೂರ್ತಿ ಹೊರತೆಗೆದು ನೋಡಿ. ಡೆಕ್ಕಿನ ಒಳಗೆ ಒದ್ದೆಯಲ್ಲಿ ಆಮ್ಲಜನಕ ಸಿಗದೆ ಸ್ಟೇನ್‌ಲೆಸ್ ಸ್ಟೀಲ್ ಕಣ್ಣಿಗೆ ಕಾಣದಂತೆ ಸವೆಯುತ್ತದೆ. ಕಂದು ಕಲೆ, ಬಿರುಕು ಕಂಡರೆ ಬದಲಿಸಿ. ಹಾಯಿಕಂಬ ನಿಂತಿರುವುದೇ ಅದರ ಬಲದ ಮೇಲೆ.

ಜೋಡಿಸುವಾಗ ಬೋಲ್ಟಿನ ತಲೆ ಅಲುಗದಂತೆ ಹಿಡಿದು ಒಳಗಿನ ನಟ್ ಮಾತ್ರ ತಿರುಗಿಸಿ, ಬೋಲ್ಟ್ ತಿರುಗಿದರೆ ಸೀಲ್ ಹರಿಯುತ್ತದೆ. ನಟ್ಟಿನಡಿ ಅಗಲ ಬ್ಯಾಕಿಂಗ್ ಪ್ಲೇಟ್ ಇರಲಿ. ಬ್ಯೂಟೈಲ್ ನಿಧಾನವಾಗಿ ಹೊರಬರುತ್ತದೆ, ಹಾಗಾಗಿ ಕೆಲವು ದಿನ, ಬಿಸಿಲಿನ ಹೊತ್ತಿನಲ್ಲಿ, ಕಾಲು ಸುತ್ತಿನಂತೆ ಬಿಗಿಮಾಡಿ. ಹೊರಬಂದದ್ದನ್ನು ಪ್ಲಾಸ್ಟಿಕ್ ಬ್ಲೇಡಿನಿಂದ ಕತ್ತರಿಸಿ, ಮತ್ತೆ ಹತ್ತು ನಿಮಿಷ ಹೋಸ್ ಹಿಡಿಯಿರಿ. ಲೈನರ್ ಹಾಕುವುದು ಆಮೇಲೆ.