ಕಾಗದದ ಪಟ್ಟಿಯಲ್ಲಿ ಭಿನ್ನರಾಶಿ: ಮೂರನೇ ವಾರ

ಐದನೇ ತರಗತಿ, 19 ಮಕ್ಕಳು. ಬಣ್ಣದ ಚಾರ್ಟ್ ಶೀಟ್, ಕತ್ತರಿ, ಅಂಟು, ಸ್ಕೇಲ್ ಇದ್ದರೆ ಸಾಕು. ಪ್ರತಿ ಪಟ್ಟಿ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ. 24 ಯಾಕೆಂದರೆ ಅದನ್ನು 2, 3, 4, 6, 8, 12 ಯಾವುದರಿಂದ ಭಾಗಿಸಿದರೂ ಶೇಷ ಉಳಿಯಲ್ಲ.

ಮೊದಲ ವಾರ ಪಟ್ಟಿಗಳನ್ನು ನಾನೇ ಮನೆಯಲ್ಲಿ ಕತ್ತರಿಸಿ ತಂದಿದ್ದೆ. ಅದು ತಪ್ಪಾಯಿತು. ಮಕ್ಕಳು ಚೂರುಗಳನ್ನು ಚೆನ್ನಾಗಿಯೇ ಜೋಡಿಸಿದರು. ಆದರೆ 1/4, 1/8 ಬೋರ್ಡಿನ ಮೇಲೆ ಬರೆದು ಯಾವುದು ದೊಡ್ಡದು ಅಂತ ಕೇಳಿದರೆ ಅರ್ಧಕ್ಕರ್ಧ ಮಕ್ಕಳು 1/8 ಅಂದರು. ನಾಲ್ಕಕ್ಕಿಂತ ಎಂಟು ದೊಡ್ಡದು ಅಲ್ವಾ! ಸಮ ಮಾಡಿ ಕತ್ತರಿಸುವ ಕೆಲಸದಲ್ಲೇ ಕಲಿಕೆ ಇತ್ತು, ಅದನ್ನು ನಾನು ಮಾಡಿ ಮುಗಿಸಿದ್ದೆ.

ಎರಡನೇ ವಾರ ಕತ್ತರಿ ಅವರ ಕೈಗೆ ಕೊಟ್ಟೆ. ಅರ್ಧ, ಕಾಲು ಸಲೀಸಾಗಿ ಬಂತು. "ಟೀಚರ್, ಮುಕ್ಕಾಲು ಅಂದ್ರೆ ಮೂರು ಕಾಲಾ?" ಅಂತ ಒಬ್ಬಳು ಕೇಳಿದಳು. ಅಂಗಡಿಯಲ್ಲಿ ಕಾಲು ಕೆಜಿ, ಮುಕ್ಕಾಲು ಕೆಜಿ ಅಂತ ಕೇಳಿ ತರುವ ಮಕ್ಕಳು ಇವರು. ಇನ್ನು ಮುಂದೆ 3/4 ಬರೆಯುವ ಮೊದಲು ಮುಕ್ಕಾಲು ಅನ್ನಿಸಿಯೇ ಶುರು ಮಾಡುತ್ತೇನೆ.

ಕಷ್ಟವಾಗಿದ್ದು ಮೂರು ಭಾಗ. ಒಬ್ಬ ಹುಡುಗ ಪಟ್ಟಿಯನ್ನು ಅರ್ಧ ಮಾಡಿ, ಒಂದು ಅರ್ಧವನ್ನು ಮತ್ತೆ ಎರಡು ಮಾಡಿ, "ಮೂರು ಆಯ್ತು" ಅಂದ. ಪಕ್ಕದವಳು ಚೂರುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, "ಹೀಗೆ ಹಂಚಿದ್ರೆ ನಾನು ಒಪ್ಪಲ್ಲ, ನಿಂದು ಜಾಸ್ತಿ" ಅಂದಳು. ನಾನು ಏನೂ ಹೇಳಬೇಕಾಗಲಿಲ್ಲ. ಅವನೇ ಬಂದು ಹೊಸ ಪಟ್ಟಿ ಕೇಳಿದ, ಸ್ಕೇಲ್ ಇಟ್ಟು 8ಕ್ಕೆ, 16ಕ್ಕೆ ಗುರುತು ಹಾಕಿದ.

ಈ ವಾರ ಕೂಡಿಸುವುದು. 1/2 + 1/3 ಕೊಟ್ಟೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಅಂತ ಬರೆದರು. ತಪ್ಪು ಅನ್ನಲಿಲ್ಲ, 2/5 ಪಟ್ಟಿ ಮಾಡೋಣ ಅಂದೆ. ಐದು ಸಮ ಭಾಗ ಮಾಡೋಕೆ, ಗೆರೆ ಇರುವ ಲಾಂಗ್ ನೋಟ್‌ಬುಕ್ ಇಟ್ಟುಕೊಂಡೆವು. ಮೊದಲ ಗೆರೆಯನ್ನು ಸೊನ್ನೆ ಅಂತ ಎಣಿಸಬೇಕು. ಪಟ್ಟಿಯ ಒಂದು ತುದಿ ಸೊನ್ನೆಯ ಮೇಲೆ, ಇನ್ನೊಂದು ತುದಿ 25ನೇ ಗೆರೆಯ ಮೇಲೆ ಬರುವ ಹಾಗೆ ಓರೆಯಾಗಿ ಇಟ್ಟು, ಐದೈದು ಗೆರೆಗೆ ಗುರುತು ಹಾಕಿದರೆ ಆಯ್ತು. ಗೆರೆಗಳ ನಡುವಿನ ಅಂತರ ಒಂದೇ ಆಗಿರುವುದರಿಂದ ಭಾಗಗಳೂ ಸಮವಾಗಿ ಬರುತ್ತವೆ.

2/5 ಚೂರನ್ನು ಅರ್ಧದ ಪಕ್ಕ ಇಟ್ಟರು. ಅರ್ಧಕ್ಕಿಂತ ಚಿಕ್ಕದು! "ಕೂಡಿಸಿದ್ಮೇಲೆ ಕಮ್ಮಿ ಹೇಗಾಯ್ತು?" ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ನನಗೆ ಅಷ್ಟು ಖುಷಿಯಾದ ಪ್ರಶ್ನೆ ಈ ವರ್ಷ ಇನ್ನೊಂದಿಲ್ಲ. ಆಮೇಲೆ ಅರ್ಧದ ಮುಂದೆ ಮೂರರಲ್ಲೊಂದನ್ನು ಇಟ್ಟು, ಅದರ ಕೆಳಗೆ 1/6 ಚೂರುಗಳನ್ನು ಜೋಡಿಸಿದರು. ಅರ್ಧಕ್ಕೆ ಮೂರು, ಮೂರರಲ್ಲೊಂದಕ್ಕೆ ಎರಡು, ಒಟ್ಟು ಐದು ಚೂರು. ಛೇದ ಸಮ ಮಾಡುವುದು ಅನ್ನುವ ಮಾತನ್ನು ನಾನು ಇನ್ನೂ ಹೇಳಿಲ್ಲ.

ಸೋಮವಾರ 1/4 + 1/6. ಅದಕ್ಕೆ 1/12 ಚೂರು ಬೇಕು, 2 ಸೆಂ.ಮೀ. ಅಷ್ಟೇ. ಎರಡು ಕತ್ತರಿ ಮೊಂಡಾಗಿವೆ, ಅಷ್ಟರಲ್ಲಿ ಸಾಣೆ ಹಿಡಿಸಬೇಕು.